ಒಂಟಿಯಾಗಿ ಮೂಡದ ಮನಸ್ಸು

ನಮ್ಮೊಳಗೆ ಮೊದಲು ವಿಚಾರ ಹುಟ್ಟುತ್ತದೆ, ಆಮೇಲೆ ಅದಕ್ಕೆ ಮಾತಿನ ರೂಪ ಕೊಟ್ಟು ಹೊರಗೆ ಕಳಿಸುತ್ತೇವೆ ಎಂದೇ ನಮ್ಮಲ್ಲಿ ಬಹುಪಾಲು ಜನ ನಂಬಿಕೊಂಡಿದ್ದೇವೆ. ಈ ನಂಬಿಕೆಯಂತೆ ಮನಸ್ಸು ಪ್ರತಿಯೊಬ್ಬರ ಸ್ವಂತ ಆಸ್ತಿ. ಮಾತು ಅದನ್ನು ಇನ್ನೊಬ್ಬರಿಗೆ ಮುಟ್ಟಿಸುವ ಸಾಧನ, ಅಷ್ಟೆ. ಹಾಗಾದರೆ ಮಗುವಿಗೆ ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ, ರೋಗರುಜಿನಗಳಿಲ್ಲದ ಮೈ ಇದ್ದರೆ ಸಾಕು, ಬುದ್ಧಿ ತನ್ನ ಕಾಲಕ್ಕೆ ತಾನೇ ಬಲಿಯುತ್ತದೆ. ಸುತ್ತಲಿನವರು ಅದರೊಡನೆ ಆಡುವ ಮಾತು, ನಗು, ಕೊಂಡಾಟಗಳು ಪ್ರೀತಿಯ ಗುರುತುಗಳೇ ಹೊರತು ಬುದ್ಧಿಗೆ ಅನಿವಾರ್ಯವಲ್ಲ. ನಾನು ಇಲ್ಲಿ ಮಂಡಿಸಹೊರಟಿರುವುದು ಇದಕ್ಕೆ ಎದುರಾದ ನಿಲುವನ್ನು. ನೋಡುವ, ಕೇಳುವ, ನೋಯುವ, ನಲಿಯುವ ಶಕ್ತಿಯನ್ನು ಮಗು ಹುಟ್ಟುವಾಗಲೇ ತರುತ್ತದೆ, ನಿಜ. ಆದರೆ ತನಗೇನು ಗೊತ್ತು ಎಂಬುದನ್ನೇ ಅರಿಯುವ, ಇನ್ನೊಬ್ಬರೊಳಗೂ ತನ್ನಂಥದೇ ಒಂದು ಲೋಕವಿದೆ ಎಂದು ಗ್ರಹಿಸುವ, ಕಣ್ಣೆದುರು ಇಲ್ಲದ್ದನ್ನು ಎಣಿಸಿ ತೂಗಿ ನೋಡುವ ಮನಸ್ಸು ಯಾವ ಮಗುವಿನಲ್ಲೂ ಒಂಟಿಯಾಗಿ ಮೂಡುವುದಿಲ್ಲ. ಅದು ಜನರ ನಡುವೆ, ಭಾಷೆಯ ಮೂಲಕ, ಒಬ್ಬರಿಂದೊಬ್ಬರಿಗೆ ದಾಟಿ ಬರುತ್ತದೆ. ಇದು ನಿಜವಾದರೆ ‘ನಾನು’ ಎಂಬುದರ ಬಗ್ಗೆ ಹೇಳಿಕೊಂಡು ಬಂದ ಹಲವು ಮಾತುಗಳನ್ನು ನಾವು ತಿದ್ದಿಕೊಳ್ಳಬೇಕಾಗುತ್ತದೆ; ಮಕ್ಕಳ ಬಗ್ಗೆ ನಮಗಿರುವ ಹೊಣೆಯ ಅಳತೆಯೂ ಬದಲಾಗುತ್ತದೆ.

ಭಾರತೀಯ ದರ್ಶನಗಳಿಗೆ ಈ ಪ್ರಶ್ನೆ ಹೊಸದಲ್ಲ. ಸುಮಾರು 5ನೆಯ ಶತಮಾನದ ಭರ್ತೃಹರಿ ತನ್ನ ‘ವಾಕ್ಯಪದೀಯ’ದಲ್ಲಿ, ಶಬ್ದ ಬೆರೆಯದ ಜ್ಞಾನವೆಂಬುದೇ ಲೋಕದಲ್ಲಿಲ್ಲ ಎಂಬ ನಿಲುವು ತಳೆದ. ಬೌದ್ಧ ತಾರ್ಕಿಕ ದಿಙ್ನಾಗ ಇದಕ್ಕೆ ತೀರ ವಿರುದ್ಧ ದಿಕ್ಕಿನಲ್ಲಿ ನಡೆದ. ಅವನ ಪ್ರಕಾರ ಹೆಸರು, ಜಾತಿ ಮುಂತಾದ ಕಲ್ಪನೆಗಳು ಸೋಕದ ಅರಿವೇ ನಿಜವಾದ ಪ್ರತ್ಯಕ್ಷ. 7ನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ‘ಶ್ಲೋಕವಾರ್ತಿಕ’ದಲ್ಲಿ ನಡುದಾರಿ ಹಿಡಿದು ಎರಡು ಹಂತಗಳನ್ನು ಒಪ್ಪಿಕೊಂಡ. ವಸ್ತು ಕಣ್ಣಿಗೆ ಬಿದ್ದ ಮೊದಲ ಗಳಿಗೆಯಲ್ಲಿ ಮಾತಿಲ್ಲದ ಬರಿಯ ನೋಟವೊಂದು ಇರುತ್ತದೆ, ಅದು ಹಸುಗೂಸಿನ, ಮೂಕರ ಅರಿವಿನಂಥದು. ಇದು ಇಂಥದು ಎಂದು ಗುರುತಿಸುವ ಸವಿಕಲ್ಪಕ ಜ್ಞಾನ ಆಮೇಲಿನದು. ಮೋಕ್ಷ, ಪ್ರಮಾಣ, ವೇದದ ಅಧಿಕಾರಗಳಂಥ ದೊಡ್ಡ ವಿಚಾರಗಳ ಚರ್ಚೆಯಲ್ಲಿ ಇವರು ಸಾಕ್ಷಿಗೆ ಕರೆದದ್ದು ತೊಟ್ಟಿಲ ಕೂಸನ್ನು ಎಂಬುದು ಗಮನಿಸಬೇಕಾದ ಸಂಗತಿ. ಮಾತು ಕಲಿಯುವ ಮೊದಲು ಮಗುವಿಗೆ ಏನು ಗೊತ್ತಿರುತ್ತದೆ ಎಂಬುದಕ್ಕೆ ಉತ್ತರ ಸಿಕ್ಕರೆ ಮನುಷ್ಯನ ಅರಿವಿನ ಬುಡವೇ ಸಿಕ್ಕಂತೆ ಎಂಬುದು ಅವರಿಗೆ ತಿಳಿದಿತ್ತು. ಆದರೆ ಕೂಸನ್ನು ಹತ್ತಿರದಿಂದ ಪರೀಕ್ಷಿಸುವ ಉಪಾಯಗಳು ಆಗ ಇರಲಿಲ್ಲ. ಆ ಉಪಾಯಗಳು ಬಂದದ್ದು ಕಳೆದ ನೂರು ವರ್ಷಗಳಲ್ಲಿ.

ಮಗು ಮಾತು ಕಲಿಯುವ ಬಗೆಯನ್ನು ಕುರಿತೂ ನಮ್ಮ ಶಾಸ್ತ್ರಗಳಲ್ಲಿ ಒಂದು ಸೊಗಸಾದ ವಿವರಣೆಯಿದೆ. ಮೀಮಾಂಸಕರು, ನೈಯಾಯಿಕರು ಅದನ್ನು ವೃದ್ಧವ್ಯವಹಾರ ಎಂದು ಕರೆದರು. ಹಿರಿಯನೊಬ್ಬ ಹಸುವನ್ನು ತರುವಂತೆ ಇನ್ನೊಬ್ಬನಿಗೆ ಹೇಳುತ್ತಾನೆ, ಆತ ಹೋಗಿ ತರುತ್ತಾನೆ. ಪಕ್ಕದಲ್ಲಿರುವ ಮಗು ಇದನ್ನು ನೋಡುತ್ತಿದೆ. ಇನ್ನೊಮ್ಮೆ ಹಸುವನ್ನು ಕಟ್ಟಲು, ಮತ್ತೊಮ್ಮೆ ಕುದುರೆಯನ್ನು ತರಲು ಹೇಳಿದಾಗ ಯಾವ ಮಾತು ಉಳಿಯಿತು, ಯಾವುದು ಬದಲಾಯಿತು, ಅದರ ಜೊತೆಗೆ ಕೆಲಸದಲ್ಲಿ ಏನು ಬದಲಾಯಿತು ಎಂಬುದನ್ನು ಸೇರಿಸಿ, ಕಳೆದು ನೋಡುತ್ತ ಮಗು ಒಂದೊಂದೇ ಪದದ ಅರ್ಥವನ್ನು ಬಿಡಿಸಿಕೊಳ್ಳುತ್ತದೆ. ಈ ವಿವರಣೆಯ ಹಿರಿಮೆ ಒಂದು ಸಣ್ಣ ಗಮನದಲ್ಲಿದೆ: ಮಗುವಿಗೆ ಯಾರೂ ವಸ್ತುಗಳನ್ನು ತೋರಿಸಿ ಹೆಸರು ಹೇಳಿಕೊಡುತ್ತಿಲ್ಲ. ಅರ್ಥವು ವಸ್ತುವಿಗೆ ಅಂಟಿಸಿದ ಚೀಟಿಯ ರೂಪದಲ್ಲಿ ಬರದೆ, ಇಬ್ಬರು ಮನುಷ್ಯರು ಕೂಡಿ ಮಾಡುವ ಕೆಲಸದೊಳಗಿಂದ ಬರುತ್ತದೆ. ಭಾಷೆ ಎಂದರೆ ಮೊದಲು ಬದುಕಿನ ವ್ಯವಹಾರ, ಆಮೇಲೆ ಹೆಸರುಗಳ ಪಟ್ಟಿ. ಇಷ್ಟನ್ನು ಕಂಡವರೂ ಒಂದು ಮುಂದಿನ ಪ್ರಶ್ನೆಯನ್ನು ಕೇಳಲಿಲ್ಲ. ಪದಗಳ ಅರ್ಥ ಮಾತ್ರ ಹೀಗೆ ಜನರ ನಡುವಿನಿಂದ ಮಗುವಿನೊಳಗೆ ಇಳಿಯುತ್ತದೆಯೋ, ಅಥವಾ ಯೋಚಿಸುವ ಶಕ್ತಿಯೇ ಹಾಗೆ ಇಳಿಯುತ್ತದೆಯೋ?

ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವನು ರಷ್ಯಾದ ಲೆವ್ ವೈಗೋಟ್‌ಸ್ಕಿ. ಅವನೂ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಯೂ ಹುಟ್ಟಿದ್ದು ಒಂದೇ ವರ್ಷ, 1896ರಲ್ಲಿ. ಆಟದಲ್ಲಿ ಮುಳುಗಿದ ಮೂರು ನಾಲ್ಕು ವರ್ಷದ ಮಕ್ಕಳು ತಮಗೆ ತಾವೇ ಗಟ್ಟಿಯಾಗಿ ಮಾತಾಡಿಕೊಳ್ಳುವುದನ್ನು ಇಬ್ಬರೂ ಅಭ್ಯಾಸ ಮಾಡಿದರು. ಪಿಯಾಜೆ 1923ರ ತನ್ನ ಪುಸ್ತಕದಲ್ಲಿ ಇದನ್ನು ಇನ್ನೂ ತನ್ನೊಳಗೇ ಸುತ್ತುತ್ತಿರುವ ಎಳೆಯ ಬುದ್ಧಿಯ ಲಕ್ಷಣವೆಂದು ಬಗೆದ. ಮಗು ಸಮಾಜಕ್ಕೆ ಹೊಂದಿಕೊಳ್ಳುತ್ತ ಹೋದಂತೆ ಇದು ಕಳಚಿಬೀಳುತ್ತದೆ ಎಂದ. ವೈಗೋಟ್‌ಸ್ಕಿ ಈ ಕ್ರಮವನ್ನು ತಲೆಕೆಳಗು ಮಾಡಿದ. ಚಿತ್ರ ಬರೆಯುವ ಮಗುವಿಗೆ ಬೇಕಾದ ಬಣ್ಣದ ಪೆನ್ಸಿಲ್ ಸಿಗದಂತೆ ಮಾಡಿ ತೊಡಕು ತಂದಾಗ ಈ ಸ್ವಗತ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅಂದರೆ ಮಗು ಸಮಸ್ಯೆಯನ್ನು ಬಿಡಿಸಲು ಮಾತನ್ನು ಬಳಸುತ್ತಿದೆ. ತನ್ನ ಮಾತು ತಿಳಿಯದ ಕಿವುಡ ಮಕ್ಕಳ ನಡುವೆ, ಇಲ್ಲವೇ ಬೇರೆ ಭಾಷೆಯ ಮಕ್ಕಳ ನಡುವೆ ಕೂರಿಸಿದಾಗ ಅದೇ ಸ್ವಗತ ತೀರ ಇಳಿಯಿತು. ಅಂದರೆ ಅದರ ಬೇರು ಇನ್ನೊಬ್ಬರೊಡನೆ ಆಡುವ ಮಾತಿನಲ್ಲೇ ಇದೆ. ವೈಗೋಟ್‌ಸ್ಕಿಯ ತೀರ್ಮಾನ ಇದು: ಮೊದಲು ಹಿರಿಯರು ಮಗುವಿಗೆ ಮಾತಿನಿಂದ ದಾರಿ ತೋರುತ್ತಾರೆ, ಆಮೇಲೆ ಮಗು ಅದೇ ಮಾತನ್ನು ತನಗೆ ತಾನು ಗಟ್ಟಿಯಾಗಿ ಹೇಳಿಕೊಳ್ಳುತ್ತದೆ, ಕೊನೆಗೆ ದನಿ ಅಡಗಿ ಅದು ಯೋಚನೆಯಾಗುತ್ತದೆ. ಪ್ರತಿಯೊಂದು ಉನ್ನತ ಮಾನಸಿಕ ಶಕ್ತಿಯೂ ಮೊದಲು ಇಬ್ಬರ ನಡುವೆ, ನಂತರ ಒಬ್ಬರ ಒಳಗೆ. ಕ್ಷಯರೋಗದಿಂದ 37ನೆಯ ವಯಸ್ಸಿಗೇ, 1934ರಲ್ಲಿ ತೀರಿಕೊಂಡ ಈತನ ವಿಚಾರ ಸರಿಯೋ ತಪ್ಪೋ ಎಂದು ಒರೆಗೆ ಹಚ್ಚಲು ಬೇಕಾದ ಸಾಕ್ಷ್ಯ ಕೂಡಿಬಂದದ್ದು ಅವನ ಕಾಲದ ಎಷ್ಟೋ ವರ್ಷಗಳ ಮೇಲೆ.

ಮೊದಲ ಸಾಕ್ಷ್ಯ ತೊಟ್ಟಿಲಿನದೇ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಕೂಸಿನೊಡನೆ ಆಡುತ್ತಿದ್ದ ತಾಯಿ ಕೆಲವು ನಿಮಿಷ ಯಾವ ಭಾವವನ್ನೂ ತೋರದೆ ಮುಖವನ್ನು ಕಲ್ಲು ಮಾಡಿಕೊಳ್ಳುತ್ತಾಳೆ. ಕೂಸು ನಕ್ಕು, ದನಿ ಮಾಡಿ, ಕೈ ಚಾಚಿ ಅವಳನ್ನು ಮತ್ತೆ ಮಾತಿಗೆಳೆಯಲು ಹೆಣಗುತ್ತದೆ. ಆಗದಿದ್ದಾಗ ಮುಖ ತಿರುಗಿಸಿ ಕಂಗೆಡುತ್ತದೆ. ಪದವೊಂದೂ ಬಾರದ ವಯಸ್ಸಿನಲ್ಲೇ ಅದು ಉತ್ತರವನ್ನು ನಿರೀಕ್ಷಿಸುತ್ತದೆ. ಕೆನಡಾದ ಜಾನೆಟ್ ವರ್ಕರ್ 1984ರಲ್ಲಿ ತೋರಿಸಿದ ಸಂಗತಿ ನಮ್ಮ ಕಿವಿಗೆ ಬಹಳ ಹತ್ತಿರದ್ದು. ‘ತ’ ಮತ್ತು ‘ಟ’ಗಳ ವ್ಯತ್ಯಾಸ ಇಂಗ್ಲಿಷಿನಲ್ಲಿಲ್ಲ, ಹಿಂದಿಯಲ್ಲಿದೆ, ಕನ್ನಡದಲ್ಲಿಯೂ ಇದೆ. ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ಈ ವ್ಯತ್ಯಾಸವನ್ನು ಸಲೀಸಾಗಿ ಗುರುತಿಸಿದವು. ಹತ್ತು ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚಿನವು ಅದನ್ನು ಕಳೆದುಕೊಂಡಿದ್ದವು. ಸುತ್ತಲಿನ ಭಾಷೆ ಮಗುವಿನ ಕಿವಿಯನ್ನೇ ಹದಗೊಳಿಸುತ್ತದೆ. ಆದರೆ ಸದ್ದು ಕಿವಿಗೆ ಬಿದ್ದರಷ್ಟೇ ಸಾಲದು. 2003ರಲ್ಲಿ ಪೆಟ್ರೀಶಿಯ ಕೂಲ್ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಹನ್ನೆರಡು ಸಲ ಚೀನಿ ಭಾಷೆಯ ಸಹವಾಸ ಒದಗಿಸಲಾಯಿತು. ಎದುರಿಗೆ ಕೂತು ಪುಸ್ತಕ ಓದಿ, ಆಟ ಆಡಿಸಿದವರಿಂದ ಕೇಳಿದ ಕೂಸುಗಳು ಚೀನಿ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು ಟಿವಿ ಪರದೆಯಿಂದ ಬಂದಾಗ, ಇಲ್ಲವೇ ಬರಿಯ ಧ್ವನಿಯಾಗಿ ಬಂದಾಗ ಏನೂ ಕಲಿಯಲಿಲ್ಲ. ಕಲಿಕೆಗೆ ಬೇಕಾದದ್ದು ತನ್ನತ್ತ ನೋಡುವ, ತಾನು ತಿರುಗಿದತ್ತ ತಿರುಗುವ ಜೀವಂತ ಮನುಷ್ಯ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಮಗು ಭಾಷೆಯನ್ನು ಜನರಿಂದ ಕಲಿಯುತ್ತದೆ ಎಂದು ಯಾರು ಅಲ್ಲಗಳೆದರು? ಯೋಚನೆಯನ್ನೂ ಜನರಿಂದಲೇ ಪಡೆಯುತ್ತದೆ ಎನ್ನುವುದಕ್ಕೆ ಏನು ಆಧಾರ? ಮಾತು ಬರುವ ಮೊದಲೇ ಕೂಸುಗಳು ಎಷ್ಟನ್ನೋ ಬಲ್ಲವು ಎಂಬುದು ಈಗ ಸ್ಥಿರವಾದ ಸಂಗತಿ. ಮರೆಯಾದ ವಸ್ತು ಇಲ್ಲವಾಗುವುದಿಲ್ಲ ಎಂಬ ತಿಳಿವಳಿಕೆಯ ಗುರುತುಗಳು ಮೂರೂವರೆ ತಿಂಗಳಿಗೇ ಕಾಣುತ್ತವೆ ಎಂದು ರೆನೆ ಬೈಯಾರ್ಜಾನ್ 1987ರಲ್ಲಿ ತೋರಿಸಿದರು. ಒಂದು ಗೊಂಬೆಯ ಜೊತೆ ಇನ್ನೊಂದು ಸೇರಿದ ಮೇಲೂ ಪರದೆಯ ಹಿಂದೆ ಒಂದೇ ಇದ್ದರೆ ಐದು ತಿಂಗಳ ಕೂಸು ಬೆರಗಿನಿಂದ ಹೆಚ್ಚು ಹೊತ್ತು ನೋಡುತ್ತದೆ ಎಂಬುದನ್ನು 1992ರಲ್ಲಿ ಕ್ಯಾರನ್ ವಿನ್ ಕಂಡರು. ಈ ಆಕ್ಷೇಪದಲ್ಲಿ ಬಲವಿದೆ; ಭರ್ತೃಹರಿಯ ಮಾತನ್ನು ಅಕ್ಷರಶಃ ಹಿಡಿದುಕೊಂಡವರಿಗೆ ಇದಕ್ಕೆ ಉತ್ತರವಿಲ್ಲ. ಕುಮಾರಿಲನ ಎರಡು ಹಂತಗಳೇ ಸತ್ಯಕ್ಕೆ ಹತ್ತಿರ. ಆದರೆ ಈ ಮೊದಲ ತಿಳಿವಳಿಕೆ ಎಲ್ಲಿಯವರೆಗೆ ಹೋಗುತ್ತದೆ ಎಂದು ಕೇಳಿದಾಗ ಚಿತ್ರ ಬದಲಾಗುತ್ತದೆ. ನಿಕರಾಗುವದಲ್ಲಿ ಯಾವ ಭಾಷೆಯೂ ಸಿಗದೆ, ಮನೆಯವರೊಡನೆ ತಾವೇ ಕಟ್ಟಿಕೊಂಡ ಕೈಸನ್ನೆಗಳಲ್ಲಿ ವ್ಯವಹರಿಸುತ್ತ ದೊಡ್ಡವರಾದ ಕಿವುಡರಿದ್ದಾರೆ. ಅವರು ದುಡಿಯುತ್ತಾರೆ, ಸಂಬಳ ಪಡೆಯುತ್ತಾರೆ, ನೋಟುಗಳ ಬೆಲೆ ಬಲ್ಲರು. ಹಾಗಿದ್ದೂ ಮೂರಕ್ಕಿಂತ ಹೆಚ್ಚಿನ ವಸ್ತುಗಳನ್ನು ಎದುರಿಗಿಟ್ಟು ಅಷ್ಟೇ ಸಂಖ್ಯೆಯ ಇನ್ನೊಂದು ಗುಂಪು ಮಾಡಲು ಕೇಳಿದರೆ ಅವರ ಲೆಕ್ಕ ಹತ್ತಿರ ಹತ್ತಿರ ಬರುತ್ತದೆ, ಕರಾರುವಾಕ್ಕಾಗಿ ಕೂಡುವುದಿಲ್ಲ ಎಂಬುದು 2011ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂತು. ಒಂದು, ಎರಡು, ಮೂರು ಎಂಬುದು ಹುಟ್ಟಿನಿಂದ ಬರುತ್ತದೆ. ಏಳಕ್ಕೂ ಎಂಟಕ್ಕೂ ಇರುವ ವ್ಯತ್ಯಾಸವನ್ನು ನಿಖರವಾಗಿ ಹಿಡಿಯಲು, ಎಣಿಕೆಯ ಮಾತನ್ನು ಪೀಳಿಗೆಯಿಂದ ಪೀಳಿಗೆಗೆ ದಾಟಿಸಿದ ಜನ ಬೇಕು.

ಸಂಖ್ಯೆಗಿಂತ ಆಳವಾದ ಸಾಕ್ಷ್ಯ ಇನ್ನೊಬ್ಬರ ಮನಸ್ಸನ್ನು ಅರಿಯುವ ವಿಷಯದಲ್ಲಿದೆ. 1983ರಲ್ಲಿ ವಿಮ್ಮರ್ ಮತ್ತು ಪರ್ನರ್ ರೂಪಿಸಿದ ಪರೀಕ್ಷೆ ಪ್ರಸಿದ್ಧವಾದದ್ದು. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋಗುತ್ತಾನೆ. ಅವನಿಲ್ಲದಾಗ ತಾಯಿ ಅದನ್ನು ಇನ್ನೊಂದು ಕಪಾಟಿಗೆ ಸರಿಸುತ್ತಾಳೆ. ಮರಳಿ ಬಂದ ಹುಡುಗ ಎಲ್ಲಿ ಹುಡುಕುತ್ತಾನೆ? ಚಾಕೊಲೇಟು ಈಗ ಇರುವ ಕಪಾಟನ್ನೇ ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ತೋರಿಸುತ್ತಾರೆ. ನಾಲ್ಕೈದು ವರ್ಷದವರು, ಹುಡುಗ ತಪ್ಪು ತಿಳಿದಿದ್ದಾನೆ ಎಂಬುದನ್ನು ಅರಿತು ಹಳೆಯ ಕಪಾಟನ್ನು ತೋರಿಸುತ್ತಾರೆ. ವಾಸ್ತವ ಒಂದಾಗಿದ್ದು, ಇನ್ನೊಬ್ಬರ ನಂಬಿಕೆ ಬೇರೆಯಾಗಿರಬಲ್ಲದು ಎಂಬ ಈ ಅರಿವೇ ಕ್ಷಮೆಗೆ, ವಾದಕ್ಕೆ, ಕರುಣೆಗೆ ತಳಹದಿ. ಆಸ್ಟ್ರೇಲಿಯಾದ ಕ್ಯಾಂಡಿಡ ಪೀಟರ್‌ಸನ್ ಮತ್ತು ಮೈಕೆಲ್ ಸೀಗಲ್ 1995ರಲ್ಲಿ ಕಿವುಡ ಮಕ್ಕಳಿಗೆ ಇಂಥದೇ ಪರೀಕ್ಷೆ ಕೊಟ್ಟರು. ಕೇಳಬಲ್ಲ ತಂದೆತಾಯಿಯರ ಕಿವುಡ ಮಕ್ಕಳು ಇದರಲ್ಲಿ ವರ್ಷಗಟ್ಟಲೆ ಹಿಂದೆ ಬಿದ್ದಿದ್ದರು. ಆದರೆ ಕಿವುಡ ತಂದೆತಾಯಿಗೆ ಹುಟ್ಟಿ, ಮೊದಲ ದಿನದಿಂದ ಸಂಜ್ಞಾ ಭಾಷೆಯಲ್ಲೇ ಬೆಳೆದ ಕಿವುಡ ಮಕ್ಕಳು ಕೇಳಬಲ್ಲ ಮಕ್ಕಳಿಗೆ ಸರಿಸಮರೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಇಬ್ಬರದೂ ಒಂದೇ ಬಗೆಯ ಕಿವಿ. ಬೇರೆಯಿದ್ದದ್ದು ಒಂದೇ: ಒಬ್ಬರ ಸುತ್ತ ಭಾಷೆಯಿತ್ತು, ಇನ್ನೊಬ್ಬರ ಸುತ್ತ ಅದು ಕೈಗೆಟುಕುವಂತೆ ಇರಲಿಲ್ಲ. ಕುಮಾರಿಲನೂ ಅವನ ಕಾಲದವರೂ ದನಿಯನ್ನೇ ಭಾಷೆಯೆಂದು ಎಣಿಸಿ ಮೂಕರನ್ನು ಹಸುಗೂಸಿನ ಪಕ್ಕದಲ್ಲಿಟ್ಟರು. ಅದು ತಪ್ಪು. ಕೈಯಲ್ಲಿ ಆಡುವ ಭಾಷೆಯೂ ಪೂರ್ಣ ಭಾಷೆಯೇ, ಅದು ಕಟ್ಟುವ ಮನಸ್ಸೂ ಪೂರ್ಣ ಮನಸ್ಸೇ.

ಹಿಂದುಳಿದದ್ದು ಬುದ್ಧಿಯಲ್ಲ, ಪ್ರಶ್ನೆಯನ್ನು ಅರ್ಥಮಾಡಿಕೊಳ್ಳುವ ಭಾಷಾಜ್ಞಾನ ಮಾತ್ರ ಎಂದು ಯಾರಾದರೂ ಹೇಳಬಹುದು. ಇದಕ್ಕೂ ಉತ್ತರ ನಿಕರಾಗುವದಲ್ಲಿದೆ. 1970ರ ದಶಕದ ಕೊನೆಯ ಹೊತ್ತಿಗೆ ಮನಾಗುವಾ ನಗರದಲ್ಲಿ ಕಿವುಡ ಮಕ್ಕಳಿಗಾಗಿ ಶಾಲೆಗಳು ತೆರೆದಾಗ, ಅದುವರೆಗೆ ಒಬ್ಬೊಬ್ಬರಾಗಿ ಮನೆಗಳಲ್ಲಿದ್ದವರು ಮೊದಲ ಬಾರಿಗೆ ಒಟ್ಟುಗೂಡಿದರು. ಅಂಗಳದಲ್ಲಿ, ಬಸ್ಸಿನಲ್ಲಿ ತಂತಮ್ಮ ಸನ್ನೆಗಳನ್ನು ಬೆರೆಸುತ್ತ ಹೊಸದೊಂದು ಭಾಷೆಯನ್ನೇ ಹುಟ್ಟಿಸಿದರು. ನಂತರ ಬಂದ ಎಳೆಯರು ಅದನ್ನು ಇನ್ನಷ್ಟು ಸಮೃದ್ಧಗೊಳಿಸಿದರು. ಜೆನ್ನಿ ಪಾಯರ್ಸ್ ಮತ್ತು ಆನ್ ಸೆಂಗಾಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ತಲೆಮಾರಿನ ವಯಸ್ಕರ ಭಾಷೆಯಲ್ಲಿ ‘ಅಂದುಕೊಳ್ಳು’, ‘ತಿಳಿ’ ಎಂಬಂಥ ಮನಸ್ಸನ್ನು ಕುರಿತ ಕ್ರಿಯಾಪದಗಳು ಕಡಿಮೆಯಿದ್ದವು; ಮಾತಿನ ನೆರವು ಬೇಡದ, ಚಿತ್ರಗಳ ಮೂಲಕ ನಡೆಸಿದ ಪರೀಕ್ಷೆಯಲ್ಲೂ ಅವರು ತಮಗಿಂತ ಕಿರಿಯರಿಗಿಂತ ಹಿಂದೆ ಇದ್ದರು. ಎರಡು ವರ್ಷಗಳ ನಂತರ, ಕಿರಿಯರೊಡನೆ ಒಡನಾಟ ಹೆಚ್ಚಿ ಆ ಪದಗಳನ್ನು ಕಲಿತ ಹಿರಿಯರು ಪರೀಕ್ಷೆಯಲ್ಲೂ ಮೇಲೇರಿದ್ದರು. ಲೋಕಾನುಭವ ಅವರಿಗೆ ಮೊದಲೂ ಬೇಕಾದಷ್ಟಿತ್ತು. ಹೊಸದಾಗಿ ಬಂದದ್ದು ಮನಸ್ಸುಗಳ ಬಗ್ಗೆ ಮಾತಾಡುವ ಬಳಗ. ಹದಿನೈದು ತಿಂಗಳ ಕೂಸುಗಳೂ ಇನ್ನೊಬ್ಬರ ತಪ್ಪು ನಂಬಿಕೆಯನ್ನು ನೋಟದಲ್ಲೇ ಗ್ರಹಿಸುತ್ತವೆ ಎಂದು 2005ರಲ್ಲಿ ಒಂದು ಪ್ರಯೋಗ ಸೂಚಿಸಿತು. ಅಂಥ ಪ್ರಯೋಗಗಳನ್ನು ಮರಳಿ ಮಾಡಿದಾಗ ಫಲಿತಾಂಶ ಒಂದೇ ತೆರನಾಗಿ ಬಂದಿಲ್ಲ. ಬಂದಿದೆಯೆಂದೇ ಒಪ್ಪಿದರೂ, ಎಲ್ಲೋ ಮಿಂಚುವ ಆ ಹೊಳಹನ್ನು ಹಿಡಿದು ನಿಲ್ಲಿಸಿ, ಅದರ ಮೇಲೆ ಕಾರಣಗಳನ್ನು ಕಟ್ಟಿ, ‘ಅವನು ಹೀಗೆ ಅಂದುಕೊಂಡದ್ದರಿಂದ ಹಾಗೆ ಮಾಡಿದ’ ಎಂದು ವಿಚಾರಿಸಲು ಆಗುವುದು ಭಾಷೆಯಿಂದಲೇ. ನಂಬಿಕೆ ಕಣ್ಣಿಗೆ ಕಾಣುವ ವಸ್ತುವಲ್ಲ. ಯಾರಾದರೂ ಅದನ್ನು ಹೆಸರಿಸಿ ನಮ್ಮಿಬ್ಬರ ನಡುವೆ ಇಟ್ಟಾಗಷ್ಟೇ ನಾವು ಅದನ್ನು ಒಟ್ಟಿಗೆ ನೋಡಬಹುದು.

ಇನ್ನೊಂದು ಆಕ್ಷೇಪ ಮಾನವಶಾಸ್ತ್ರಜ್ಞರದು. ಕೂಸಿನ ಜೊತೆ ದಿನವಿಡೀ ಮಾತಾಡುವುದು ಓದುಬರಹ ಬಲ್ಲ ನಗರದ ಮಧ್ಯಮವರ್ಗದ ರೂಢಿ. ಅದನ್ನೇ ಮನುಷ್ಯಕುಲದ ನಿಯಮವೆಂದು ಸಾರಿ, ಹಾಗೆ ಮಾಡದ ಬಡವರನ್ನು, ಬುಡಕಟ್ಟಿನವರನ್ನು ದೂರುವುದು ಅನ್ಯಾಯ ಎಂದು ಅವರು ಎಚ್ಚರಿಸುತ್ತಾರೆ. ಪಪುವ ನ್ಯೂಗಿನಿಯ ಕಲುಲಿ ಜನರಲ್ಲಿ ಕೂಸಿಗೆ ಏನೂ ತಿಳಿಯದು ಎಂಬ ಭಾವನೆಯಿಂದ ತಾಯಂದಿರು ಅದರೊಡನೆ ಸಂಭಾಷಣೆ ನಡೆಸುತ್ತಿರಲಿಲ್ಲ ಎಂದು ಬ್ಯಾಂಬಿ ಶೀಫೆಲಿನ್ ದಾಖಲಿಸಿದ್ದಾರೆ. ಮೆಕ್ಸಿಕೊದ ಟ್ಸೆಲ್ಟಾಲ್ ಮಾಯಾ ಹಳ್ಳಿಯೊಂದರಲ್ಲಿ ಎಳೆಯ ಮಕ್ಕಳನ್ನೇ ಉದ್ದೇಶಿಸಿ ಆಡುವ ಮಾತು ಗಂಟೆಗೆ ನಾಲ್ಕು ನಿಮಿಷವೂ ಇಲ್ಲ. ಆದರೂ ಆ ಮಕ್ಕಳು ತಕ್ಕ ವಯಸ್ಸಿಗೇ ಮಾತಾಡುತ್ತಾರೆ ಎಂಬುದು 2020ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ. ಈ ಎಚ್ಚರಿಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಅದು ನನ್ನ ವಾದವನ್ನು ಗಟ್ಟಿಗೊಳಿಸುತ್ತದೆ ಎಂದೂ ಹೇಳುತ್ತೇನೆ. ಕಲುಲಿ ತಾಯಿ ಕೂಸನ್ನು ತನ್ನತ್ತ ತಿರುಗಿಸಿಕೊಳ್ಳದೆ ಎದುರಿನವರತ್ತ ತಿರುಗಿಸಿ ಹಿಡಿದು, ಕೂಸಿನ ಪರವಾಗಿ ತಾನೇ ಮಾತಾಡುತ್ತಾಳೆ. ಟ್ಸೆಲ್ಟಾಲ್ ಮಗು ಬೆನ್ನಿಗೆ ಕಟ್ಟಿದ ಜೋಳಿಗೆಯಲ್ಲಿ, ಅಡುಗೆಯ, ಕೃಷಿಯ, ನೆರೆಹೊರೆಯ ಮಾತಿನ ನಡುವೆ ಇರುತ್ತದೆ. ಇದು ಮೀಮಾಂಸಕರು ವರ್ಣಿಸಿದ ವೃದ್ಧವ್ಯವಹಾರವೇ. ಬಾಲಭಾಷೆ ಆಡುವರೋ ಇಲ್ಲವೋ, ಚಿತ್ರಪುಸ್ತಕ ಓದುವರೋ ಇಲ್ಲವೋ ಎಂಬುದು ಆಯಾ ಸಂಸ್ಕೃತಿಯ ವಿಷಯ. ಮಗು ತನಗೆ ಅರ್ಥವಾಗಬಲ್ಲ ಭಾಷೆಯ ಬಳಗದೊಳಗೆ, ಜನರ ಬದುಕಿಗೆ ಮುಖ ಮಾಡಿ ಇರಬೇಕು ಎಂಬುದು ಎಲ್ಲ ಸಂಸ್ಕೃತಿಗಳಿಗೂ ಸಮಾನವಾದ ಅಗತ್ಯ. ಪದಗಳ ಸಂಖ್ಯೆಗಿಂತ ಸರದಿಯ ಮಾತುಕತೆ ಮುಖ್ಯವೆಂಬುದಕ್ಕೆ ನಗರದ ಮಕ್ಕಳಲ್ಲೂ ಆಧಾರವಿದೆ: ಅಮೆರಿಕದಲ್ಲಿ ನಾಲ್ಕರಿಂದ ಆರು ವರ್ಷದವರ ಮೇಲೆ ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೆದುಳಿನ ಭಾಷಾಭಾಗದ ಚಟುವಟಿಕೆ ಹೊಂದಿಕೊಂಡದ್ದು ಮಗು ಕೇಳಿದ ಪದಗಳ ಲೆಕ್ಕದೊಂದಿಗಲ್ಲ, ಮಗುವೂ ದೊಡ್ಡವರೂ ಸರದಿಯಂತೆ ಆಡಿದ ಮಾತಿನ ಲೆಕ್ಕದೊಂದಿಗೆ.

ಮೂರನೆಯ ಆಕ್ಷೇಪ: ನಿಕರಾಗುವದ ಮಕ್ಕಳು ಯಾರೂ ಕಲಿಸದೆ ಭಾಷೆಯನ್ನೇ ಸೃಷ್ಟಿಸಿದರೆಂದರೆ ಭಾಷೆಯ ಬೀಜ ಒಳಗೇ ಇರಬೇಕಲ್ಲವೆ? ನೋಮ್ ಚಾಮ್‌ಸ್ಕಿ ಇದನ್ನು ಮನುಷ್ಯಜಾತಿಗೆ ಸಹಜವಾದ ವ್ಯಾಕರಣಶಕ್ತಿ ಎಂದರು. ಭರ್ತೃಹರಿ ಇನ್ನೂ ಹಿಂದಕ್ಕೆ ಹೋಗಿ, ಮಗು ಪೂರ್ವಸಂಸ್ಕಾರದ ಬಲದಿಂದಲೇ ಲೋಕವ್ಯವಹಾರಕ್ಕೆ ತೊಡಗುತ್ತದೆ ಎಂದ. ಒಳಗೆ ಏನೂ ಇಲ್ಲದಿದ್ದರೆ ಹೊರಗಿನಿಂದ ಏನೂ ಬರಲಾರದು ಎಂಬುದನ್ನು ನಾನು ಒಪ್ಪುತ್ತೇನೆ. ಮನೆಯಲ್ಲಿ ಒಂಟಿಯಾಗಿ ಸನ್ನೆಗಳನ್ನು ಕಟ್ಟಿಕೊಳ್ಳುವ ಕಿವುಡ ಮಗುವೇ ಆ ಹಸಿವಿಗೆ ಸಾಕ್ಷಿ. ಆದರೆ ಅದೇ ಮಗುವಿನ ಕಥೆ ಬೀಜದ ಮಿತಿಯನ್ನೂ ಹೇಳುತ್ತದೆ. ನಿಕರಾಗುವದ ಪ್ರತಿಯೊಬ್ಬ ಕಿವುಡ ಮಗುವಿನಲ್ಲೂ ಆ ಶಕ್ತಿ ಇತ್ತು. ಆದರೂ ಒಂಟಿಯಾಗಿ ಉಳಿದವರಿಗೆ ದಕ್ಕಿದ್ದು ಸನ್ನೆಗಳು, ಒಟ್ಟುಗೂಡಿದವರಿಗೆ ದಕ್ಕಿದ್ದು ಭಾಷೆ. ಈ ಶಕ್ತಿ ಎಲ್ಲ ಕಾಲಕ್ಕೂ ಕಾಯುತ್ತ ಕೂರುವುದೂ ಇಲ್ಲ. ರೊಮೇನಿಯದ ಅನಾಥಾಲಯಗಳಲ್ಲಿ ಊಟ ಬಟ್ಟೆಗಳಿದ್ದು ಒಡನಾಟವಿಲ್ಲದೆ ಬೆಳೆಯುತ್ತಿದ್ದ 136 ಮಕ್ಕಳನ್ನು ಬುಕಾರೆಸ್ಟ್ ನಗರದಲ್ಲಿ ನಡೆದ ಅಧ್ಯಯನವೊಂದು ಎತ್ತಿಕೊಂಡು, ಚೀಟಿ ಎತ್ತಿದಂತೆ ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಲ್ಲಿ ಇರಿಸಿತು. ಕುಟುಂಬ ಸೇರಿದವರ ಬುದ್ಧಿಮಟ್ಟ, ಸಂಸ್ಥೆಯಲ್ಲೇ ಉಳಿದವರಿಗಿಂತ ಮೇಲೇರಿತು. ಎರಡು ವರ್ಷ ತುಂಬುವ ಮೊದಲೇ ಸೇರಿದವರಿಗೆ ಲಾಭ ಹೆಚ್ಚು, ತಡವಾಗಿ ಸೇರಿದವರಿಗೆ ಕಡಿಮೆ. ಹುಟ್ಟಿನಿಂದ ಬಂದ ಶಕ್ತಿಗೆ ಉತ್ತರ ಕೊಡುವ ಮನುಷ್ಯರು ತಕ್ಕ ಕಾಲದಲ್ಲಿ ಸಿಗದಿದ್ದರೆ ಆ ಶಕ್ತಿ ತನ್ನ ಪೂರ್ಣತೆಗೆ ಏರುವುದೇ ಇಲ್ಲ.

ಕೊನೆಯ ಆಕ್ಷೇಪ ಅಧ್ಯಾತ್ಮದ ಕಡೆಯಿಂದ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪರತತ್ತ್ವ ವಾಕ್ಕಿಗೂ ಮನಸ್ಸಿಗೂ ನಿಲುಕದ್ದೆಂದು ಉಪನಿಷತ್ತುಗಳು ಹೇಳುತ್ತವೆ. ದಿಙ್ನಾಗನ ಪರಂಪರೆಗೆ ಮಾತು ಸತ್ಯವನ್ನು ಮುಚ್ಚುವ ತೆರೆ. ಮಾತಿನಿಂದ ಬಿಡಿಸಿಕೊಳ್ಳುವುದೇ ಜ್ಞಾನವಾದರೆ, ಮಾತಿನಿಂದ ಮನಸ್ಸು ಕಟ್ಟಲ್ಪಡುತ್ತದೆ ಎಂಬುದನ್ನು ಏಕೆ ಸಂಭ್ರಮಿಸಬೇಕು? ಅಲ್ಲದೆ, ಭಾಷೆಯೇ ಮನಸ್ಸನ್ನು ರೂಪಿಸುವುದಾದರೆ ಭಾಷೆ ದೊರೆಯದವರು ಕಡಿಮೆ ಮನುಷ್ಯರೇ? ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸಬೇಕು, ಅದರ ತೂಕ ಹೆಚ್ಚು. ಜೀವದ ಬೆಲೆ ಅರಿವಿನ ಮಟ್ಟದಿಂದ ಬರುವುದಿಲ್ಲ. ನೋವು, ನಲಿವು, ಪ್ರೀತಿ, ಭಯಗಳಿಗೆ ಭಾಷೆಯ ಅಪ್ಪಣೆ ಬೇಕಿಲ್ಲ. ಭಾಷೆ ಸಿಗದವರ ಬದುಕಿನಲ್ಲಿರುವ ಕೊರತೆ ಅವರ ಕೊರತೆಯಲ್ಲ, ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸದ ನಮ್ಮದು. ಒಬ್ಬರಿಗೆ ಸಲ್ಲಬೇಕಾದದ್ದು ಸಿಗಲಿಲ್ಲ ಎನ್ನುವುದು ಅವರ ಘನತೆಯನ್ನು ಒಪ್ಪಿಕೊಂಡ ಮೇಲೆಯೇ ಆಡಬಹುದಾದ ಮಾತು. ಇನ್ನು ಮೌನದ ಪ್ರಶ್ನೆ. ಮಾತನ್ನು ದಾಟಿದ ಮೌನಕ್ಕೂ ಮಾತೇ ಸಿಗದ ಮೌನಕ್ಕೂ ಅಜಗಜಾಂತರವಿದೆ. ನೇತಿ ನೇತಿ ಎಂದು ಒಂದೊಂದೇ ಕಲ್ಪನೆಯನ್ನು ಕಳಚುವ ಸಾಧಕನಿಗೆ ಕಳಚಲು ಕಲ್ಪನೆಗಳಿರಬೇಕು, ಕಳಚುವ ಬಗೆಯನ್ನು ಹೇಳಿಕೊಟ್ಟ ಗುರುವಿರಬೇಕು. ಉಪನಿಷತ್ತುಗಳೇ ಬಹುಮಟ್ಟಿಗೆ ಸಂವಾದಗಳು. ಗಾರ್ಗಿ ಕೇಳಿದ್ದರಿಂದ ಯಾಜ್ಞವಲ್ಕ್ಯ ಹೇಳಿದ, ತಂದೆ ಉದ್ದಾಲಕ ಮತ್ತೆ ಮತ್ತೆ ತಿಳಿಸಿದ್ದರಿಂದ ಶ್ವೇತಕೇತು ಅರಿತ. ನಾನು ಯಾರು ಎಂಬ ಅತ್ಯಂತ ಒಂಟಿಯಾದ ಪ್ರಶ್ನೆಯನ್ನು ಕೇಳಿಕೊಳ್ಳುವಾಗಲೂ ನಾವು ಬಳಸುವುದು ಇನ್ನೊಬ್ಬರು ನಮಗೆ ಕೊಟ್ಟ ಮಾತನ್ನೇ. ‘ನಾನು’ ಎಂದು ಹೇಳಲು ಕಲಿಯುವ ಮೊದಲು ನಮ್ಮನ್ನು ಯಾರೋ ‘ನೀನು’ ಎಂದು ಕರೆದಿರುತ್ತಾರೆ.

ಇಷ್ಟು ಒಪ್ಪಿದರೆ ಕೆಲವು ಕರ್ತವ್ಯಗಳು ತಾವಾಗಿ ಎದುರು ನಿಲ್ಲುತ್ತವೆ. ಮೊದಲನೆಯದು ಕಿವುಡ ಮಕ್ಕಳದು. ಅವರಲ್ಲಿ ಬಹುತೇಕರು ಕೇಳಬಲ್ಲವರ ಮನೆಗಳಲ್ಲೇ ಹುಟ್ಟುತ್ತಾರೆ. ಅಮೆರಿಕದ ಲೆಕ್ಕದಲ್ಲಿ ಇದು ಶೇಕಡ 90ಕ್ಕೂ ಹೆಚ್ಚು. ಶ್ರವಣಸಾಧನ, ಶಸ್ತ್ರಚಿಕಿತ್ಸೆ, ಮಾತಿನ ತರಬೇತಿ ಇವೆಲ್ಲ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ನವಜಾತ ಶಿಶುಗಳ ಶ್ರವಣ ಪರೀಕ್ಷೆ ನಡೆಯುತ್ತಿರುವುದು ದೊಡ್ಡ ಉಪಕಾರ. ಆದರೆ ಸಂಜ್ಞೆ ಕಲಿಸಿದರೆ ಮಗು ಮಾತಾಡಲು ಸೋಮಾರಿಯಾಗುತ್ತದೆ ಎಂಬ ಭಯದಿಂದ ಅದನ್ನು ದೂರವಿಡುವುದು, ಅನ್ನ ಬೇಯುವ ತನಕ ಹಾಲೂ ಕೊಡದೆ ಕೂಸನ್ನು ಕಾಯಿಸಿದ ಹಾಗೆ. ಮೊದಲ ವರ್ಷಗಳು ಕಳೆದರೆ ತಿರುಗಿ ಬರುವುದಿಲ್ಲ. ಮನೆಯವರೆಲ್ಲ ಮಗುವಿನೊಡನೆ ಸಂಜ್ಞಾ ಭಾಷೆ ಕಲಿಯುವುದು ಆಯ್ಕೆಯ ಮಾತಲ್ಲ, ಹೊಣೆ. ಎರಡನೆಯದು ಅಂಗನವಾಡಿಗಳದು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಅಂದಿನಿಂದ ಅಂಗನವಾಡಿ ಎಷ್ಟೋ ಮಕ್ಕಳ ಹೊಟ್ಟೆ ತುಂಬಿಸಿದೆ, ಮೈತೂಕ ನೋಡಿದೆ. ಶಾಲಾಪೂರ್ವ ಶಿಕ್ಷಣವೂ ಅದರ ಕೆಲಸಗಳಲ್ಲಿ ಒಂದು. ಆದರೆ ಕಾರ್ಯಕರ್ತೆಯ ಹೊತ್ತೆಲ್ಲ ರಿಜಿಸ್ಟರುಗಳಿಗೂ ಸಮೀಕ್ಷೆಗಳಿಗೂ ಹೋದರೆ ಮಕ್ಕಳ ಜೊತೆ ಕೂತು ಕತೆ ಹೇಳಿ, ಅವರ ಪ್ರಶ್ನೆಗೆ ಉತ್ತರಿಸುವವರು ಯಾರು? ಆಕೆಯ ಮಾತಿನ ಹೊತ್ತನ್ನು ಮೊಟ್ಟೆ ಹಾಲುಗಳಷ್ಟೇ ಜತನದಿಂದ ಕಾಯಬೇಕು. ಮೂರನೆಯದು ನಮ್ಮೆಲ್ಲರ ಮನೆಗಳದು. ಅಳುವ ಮಗುವಿನ ಕೈಗೆ ಮೊಬೈಲ್ ಕೊಟ್ಟಾಗ ಸದ್ದು, ಬಣ್ಣ, ಪದ ಎಲ್ಲವೂ ಸಿಗುತ್ತವೆ, ಉತ್ತರ ಮಾತ್ರ ಸಿಗುವುದಿಲ್ಲ. ದುಡಿದು ದಣಿದು ಬಂದ ತಾಯಿಯನ್ನು ಇದಕ್ಕಾಗಿ ಬಯ್ಯುವುದು ಸಲ್ಲದು. ಅವಳೊಬ್ಬಳೇ ಹೊರಬೇಕಾದ ಹೊರೆಯೂ ಇದಲ್ಲ. ತಂದೆ, ಅಜ್ಜಿ ತಾತ, ಅಕ್ಕ ಅಣ್ಣ, ನೆರೆಯವರು ಎಲ್ಲರೂ ಕೂಡಿದಾಗಷ್ಟೇ ಬಳಗವಾಗುತ್ತದೆ. ಮನೆಯಲ್ಲಿ ತುಳುವೋ, ಲಂಬಾಣಿಯೋ, ಉರ್ದುವೋ, ಕೊಡವವೋ, ದೊಡ್ಡವರಿಗೆ ಸರಾಗವಾಗಿ ಬರುವ ಭಾಷೆಯಲ್ಲೇ ಮಗುವಿನೊಡನೆ ಆಡಬೇಕು. ತಡವರಿಸುತ್ತ ಆಡುವ ಹತ್ತು ಇಂಗ್ಲಿಷ್ ಪದಗಳಲ್ಲಿ ಕಾರಣ ಕೇಳುವುದೂ ಆಗುವುದಿಲ್ಲ, ಮನಸ್ಸು ಬಿಚ್ಚುವುದೂ ಆಗುವುದಿಲ್ಲ.

ಮನಸ್ಸು ಒಬ್ಬೊಬ್ಬರ ಖಾಸಗಿ ಸಾಧನೆ ಎಂಬ ನಂಬಿಕೆಯಿಂದ ನಾವು ಜಾಣ ಮಗುವನ್ನು ಹೊಗಳುತ್ತೇವೆ, ಹಿಂದುಳಿದ ಮಗುವನ್ನು ಹಣೆಬರಹಕ್ಕೆ ಬಿಡುತ್ತೇವೆ. ಮೇಲಿನ ಸಾಕ್ಷ್ಯಗಳು ಆ ನಂಬಿಕೆಗೆ ಆಸ್ಪದ ಉಳಿಸಿಲ್ಲ. ಎಣಿಸುವ, ಕಾರಣ ಹುಡುಕುವ, ಇನ್ನೊಬ್ಬರ ತಪ್ಪನ್ನೂ ಅರ್ಥಮಾಡಿಕೊಳ್ಳುವ ಮನಸ್ಸನ್ನು ಯಾರೂ ತಮ್ಮಷ್ಟಕ್ಕೆ ಗಳಿಸಿಲ್ಲ. ನಮಗೆ ಉತ್ತರ ಕೊಟ್ಟವರಿಂದ ಪಡೆದಿದ್ದೇವೆ, ಅವರು ತಮ್ಮ ಹಿಂದಿನವರಿಂದ ಪಡೆದಿದ್ದರು. ಹುಟ್ಟಿನಿಂದಲೇ ಮನುಷ್ಯ ಋಣಿ ಎಂದು ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣಗಳನ್ನು ಎಣಿಸಿದರು. ವಿದ್ಯೆಯ ಋಣ ಓದಿ, ಓದಿಸಿ ತೀರಿಸುವಂಥದು ಎಂದು ತಿಳಿದಿದ್ದ ಅವರ ಲೆಕ್ಕದೊಳಗೆ ಮಾತಿನ ಋಣವನ್ನೂ ಸೇರಿಸಿಕೊಳ್ಳಬೇಕು. ಅದನ್ನು ಕೊಟ್ಟವರಿಗೆ ಮರಳಿಸಲು ಬರುವುದಿಲ್ಲ. ನಮ್ಮ ಮನೆಯ ಮಗುವಿಗೆ ಮಾತ್ರವಲ್ಲ, ಅನಾಥಾಲಯದ ಮಗುವಿಗೆ, ಕಿವುಡ ಮಗುವಿಗೆ, ಕಟ್ಟಡದ ಕೆಲಸಕ್ಕೆ ಊರೂರು ಅಲೆಯುವವರ ಮಗುವಿಗೆ, ಅದು ಕಲಿಯಬಲ್ಲ ಭಾಷೆಯಲ್ಲಿ, ಅದು ಕಲಿಯಬಲ್ಲ ವಯಸ್ಸಿನಲ್ಲಿ, ಉತ್ತರ ಕೊಡುವ ಮನುಷ್ಯರು ಸಿಗುವಂತೆ ಮಾಡಿದಾಗ ಮಾತ್ರ ಅದು ತೀರುತ್ತದೆ.